ಕೈ ಎತ್ತಿದರೆ ಕೇಳಿದ ಹಾಗೆ

ನಮ್ಮ ಶಾಲೆಯ ವಿಜ್ಞಾನ ಮೇಷ್ಟ್ರೊಂದಿಗೆ ಮಾತನಾಡಬೇಕಾದರೆ ಮೊದಲು ಬೆಳಕಿಗೆ ಬರಬೇಕಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಯಾರಾದರೂ "ನಮಸ್ಕಾರ ಸಾರ್" ಎಂದರೆ ಎದ್ದು ಬಂದು, ಭುಜ ಹಿಡಿದು, ಕಿಟಕಿಯ ಕಡೆಗೆ ತಿರುಗಿಸಿ ನಿಲ್ಲಿಸಿ, "ಹಾಂ, ಈಗ ಹೇಳಿ" ಎನ್ನುತ್ತಿದ್ದರು. ಹೊಸಬರು ಗಾಬರಿಯಾಗುತ್ತಿದ್ದರು. ಶಾಲಾ ತನಿಖೆಗೆ ಬಂದ ಇನ್ಸ್‌ಪೆಕ್ಟರೊಬ್ಬರು ತಮ್ಮ ಮುಖಕ್ಕೆ ಏನೋ ಅಂಟಿದೆ ಎಂದುಕೊಂಡು ಕರ್ಚೀಫಿನಿಂದ ಎರಡೂ ಕೆನ್ನೆ ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಕಾರಣ ಇಷ್ಟೇ. ಅವರು ಯುದ್ಧಕಾಲದಲ್ಲಿ ಪಟಾಲಮಿನಲ್ಲಿದ್ದವರು. ತಂತಿ, ವೈರ್‌ಲೆಸ್ಸು ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ ಕೆಲಸ. ಒಂದು ದಿನ ಪಕ್ಕದಲ್ಲೇ ಫಿರಂಗಿ ಹಾರಿ ಎರಡೂ ಕಿವಿಗೆ ಪೆಟ್ಟಾಯಿತು. ಪೂರ್ತಿ ಕಿವುಡಾಗಲಿಲ್ಲ. ದಪ್ಪ ದನಿ ಕೇಳುತ್ತಿತ್ತು, ಸಣ್ಣ ದನಿ ಕೇಳುತ್ತಿರಲಿಲ್ಲ. ಲಾರಿ ಕೇಳುತ್ತಿತ್ತು, ಸೈಕಲ್ ಬೆಲ್ಲು ಕೇಳುತ್ತಿರಲಿಲ್ಲ. ಮಾತಿನಲ್ಲೂ ಹಾಗೆಯೇ. ಸ್ವರ ಬಂದು ತಲುಪುತ್ತಿತ್ತು, ವ್ಯಂಜನ ದಾರಿಯಲ್ಲೇ ಉಳಿಯುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಜೋಡಿಸಿಕೊಳ್ಳುತ್ತಿದ್ದರು. ಇದರ ಬಗ್ಗೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. "ನನಗೆ ಕೊಡಗಿನಲ್ಲಿ ಜೀರುಂಡೆಯೇ ಇಲ್ಲ ಮಾರಾಯ್ರೆ. ನಿದ್ದೆ ಸೊಗಸು" ಎಂದು ನಗುತ್ತಿದ್ದರು.

ಇಂಥವರು ಲೌಡ್‌ಸ್ಪೀಕರು ಕಟ್ಟಲು ಹೊರಟರು ಎಂದರೆ ಊರು ನಗದೆ ಇರುತ್ತದೆಯೇ? ನಕ್ಕಿತು. ಅವರೂ ಜೊತೆಗೆ ನಕ್ಕರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಒಂದು ಸಭಾಂಗಣದ ತುಂಬ ಎದ್ದು ನಿಂತ ಕೈಗಳು. ಆ ಕೈಗಳ ಸಂಗತಿಯನ್ನು ಹೇಳಿಬಿಟ್ಟರೆ ಅವರ ಬಗ್ಗೆ ಹೇಳಬೇಕಾದ ಮುಕ್ಕಾಲು ಪಾಲನ್ನು ಹೇಳಿದಂತೆ.

ನಾನು ಸೋಮವಾರಪೇಟೆ ಕಡೆಯ ಆ ಹೈಸ್ಕೂಲಿಗೆ ಸೇರಿದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದಾಗ. ಅವರು ಹಿರಿಯ ವಿಜ್ಞಾನ ಮೇಷ್ಟ್ರು, ನಾನು ಅವರ ಕೈಕೆಳಗಿನ ಅಸಿಸ್ಟೆಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪ ಸಾಹುಕಾರರೊಬ್ಬರ ತೋಟದಲ್ಲಿ ಏಲಕ್ಕಿ ಒಣಗಿಸುವ ಗೂಡಿಗೆ ಬೆಂಕಿ ಹಾಕುತ್ತಿದ್ದವನು. ಅವನ ಅಂಗಿಯಲ್ಲಿ ಹೊಗೆಯ ವಾಸನೆ ಇಲ್ಲದ ದಿನವನ್ನು ನಾನು ಕಂಡಿಲ್ಲ. ಮೈಸೂರಿನ ಉಚಿತ ಹಾಸ್ಟೆಲಿನಲ್ಲಿ ಉಂಡು, ಬೇರೆಯವರ ಪುಸ್ತಕದಲ್ಲಿ ಓದಿ, ಒಮ್ಮೆ ಕೆಮಿಸ್ಟ್ರಿಯಲ್ಲಿ ಬಿದ್ದು, ಎದ್ದು ಬಿ.ಎಸ್ಸಿ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಮೊದಲ ದಿನ ಹಾಜರಿಯಲ್ಲಿ ಬರೀ ಹೆಸರು ಬರೆದಿದ್ದೆ. ಅವರು ಅದನ್ನು ನೋಡಿ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದರು.

"ಡಿಗ್ರಿ ಯಾಕೆ ಬರೀಲಿಲ್ಲ?"

"ಜಂಬ ಅಂದ್ಕೊಂಡಾರು ಅಂತ, ಸಾರ್."

"ನಿಮ್ಮಪ್ಪ ಹೊಗೆ ಕುಡಿದು ಓದಿಸಿದ್ದಲ್ವಾ? ಬರೀರಿ. ದೊಡ್ಡದಾಗಿ ಬರೀರಿ."

ಅಂದಿನಿಂದ ಯಾರೇ ಬಂದರೂ ಅವರು ನನ್ನನ್ನು ಪರಿಚಯಿಸುತ್ತಿದ್ದದ್ದು "ಇವರು ಬಿ.ಎಸ್ಸಿ." ಎಂದೇ. ಹೆಸರು ಆಮೇಲೆ, ಅದೂ ನೆನಪಾದರೆ.

ಅವರು ಕರಿಕೆ ಕಡೆಯವರು. ಮನೆಮಾತು ಅರೆಭಾಷೆ. ನಮಗೆ ಪಾಠ, ಸಭೆ ಎಲ್ಲ ಕನ್ನಡದಲ್ಲಿ, ಹೆಂಡತಿಯ ಜೊತೆ ಮಾತ್ರ ಅರೆಭಾಷೆಯಲ್ಲಿ. ಆ ತಾಯಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನನ್ನು ಅವರು ತಮ್ಮಾ ಎನ್ನುತ್ತಿದ್ದರು, ಸಿಟ್ಟು ಬಂದಾಗ ಮೇಷ್ಟ್ರೆ ಎನ್ನುತ್ತಿದ್ದರು. ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ಅಡುಗೆಮನೆಯ ಒಲೆಯ ಮೇಲ್ಗಡೆ ಗೋಡೆಯಲ್ಲಿ ಒಂದು ಕ್ಷೌರದ ಕನ್ನಡಿ ತೂಗುಹಾಕಿದ್ದು ಕಂಡಿತು. ಒಲೆಯ ಮುಂದೆ ಕನ್ನಡಿಯೇಕೆ ಎಂದು ಕೇಳಿದೆ.

"ನಾನು ಒಲೆ ಕಡೆ ತಿರುಗಿದ್ರೆ ಇವರಿಗೆ ನನ್ನ ಮಾತು ಸಿಕ್ಕುದಿಲ್ಲ" ಎಂದರು ಅಕ್ಕ. "ಹಾಗಾಗಿ ಕನ್ನಡಿ ಹೊಡ್ದಿದ್ದಾರೆ. ಅಲ್ಲಿ ಕೂತು ನನ್ನ ಬಾಯಿ ನೋಡ್ತಾರೆ. ಮೊದಲು ತಿರುಗಿ ನಿಂತು ಬೈತಿದ್ದೆ, ಆರಾಮಿತ್ತು. ಈಗ ಅದೂ ಇಲ್ಲ."

ಅವರು ಊಟದ ಮಣೆಯ ಮೇಲೆ ಕೂತು, ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡುತ್ತಾ, "ಎಲ್ಲಾ ಕೇಳ್ತದೆ" ಎಂದು ಹುಬ್ಬು ಹಾರಿಸಿದರು.

ಲೌಡ್‌ಸ್ಪೀಕರಿನ ಹುಚ್ಚು ಅವರಿಗೆ ಹತ್ತಿದ್ದು ಜೇನಿನಿಂದ. ಅವರ ಕಡೆಯ ಬಹಳ ಜನರಂತೆ ಅವರೂ ಜೇನು ಸಾಕುತ್ತಿದ್ದರು. ಹಳೆಯ, ಹುಳ ಒಲ್ಲದೆ ಬಿಟ್ಟುಹೋದ ಜೇನುಪೆಟ್ಟಿಗೆಗಳು ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು. ಸ್ಪೀಕರುಗಳನ್ನು ಒಂದರ ಮೇಲೊಂದು ಕಂಬದಂತೆ ನಿಲ್ಲಿಸಿದರೆ ಸದ್ದು ಮೇಲಕ್ಕೂ ಕೆಳಕ್ಕೂ ಚೆಲ್ಲದೆ ಜನರ ಕಡೆಗೇ ಹೋಗುತ್ತದೆ ಎಂದು ಅವರು ಪಟಾಲಮಿನಲ್ಲಿದ್ದಾಗಲೇ ಕಲಿತಿದ್ದರು. ಪೆಟ್ಟಿಗೆಗೊಂದು ಸ್ಪೀಕರು ಕೂರಿಸಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಜೋಡಿಸಿ, ಒಂದಾಳಿಗಿಂತ ಎತ್ತರದ ಕಂಬ ಮಾಡಿಯೇಬಿಟ್ಟರು.

ಮೊದಲ ಕಂಬವನ್ನು ಪರೀಕ್ಷಿಸಿದ ದಿನ ಒಂದು ತಮಾಷೆ ನಡೆಯಿತು. ಆಂಪ್ಲಿಫೈಯರು ಹಾಕಿದ್ದೇ ತಡ ಕಂಬದಿಂದ ಗುಂಯ್ ಎಂಬ ಸದ್ದು. ದಪ್ಪ ದನಿಯಾದ್ದರಿಂದ ಅವರಿಗೂ ಕೇಳಿತು. "ಕರೆಂಟಿನ ಹಮ್ಮು. ಅರ್ತ್ ಸರಿಯಿಲ್ಲ" ಎಂದರು. ನಾನು ಅಂಗಳದಲ್ಲಿ ಗುಂಡಿ ತೋಡಿ, ಕಬ್ಬಿಣದ ಸಲಾಕೆ ಇಳಿಸಿ, ಉಪ್ಪು ನೀರು ಹೊಯ್ದೆ. ಹಮ್ಮು ಹೋಗಲಿಲ್ಲ. ವಾಲ್ವ್ ಬದಲಾಯಿಸಿದೆವು. ಹೋಗಲಿಲ್ಲ. ವೈರುಗಳನ್ನೆಲ್ಲ ಬಿಚ್ಚಿ ಹೆಣೆದೆವು. ಹೋಗಲಿಲ್ಲ. ಬೇಸತ್ತು ಸ್ವಿಚ್ಚು ತೆಗೆದೆ. ಹಮ್ಮು ಆಗಲೂ ಹೋಗಲಿಲ್ಲ.

ಇಬ್ಬರು ವಿಜ್ಞಾನ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕಂಡೆನ್ಸರಿನಲ್ಲಿ ಕರೆಂಟು ಉಳಿದಿರಬೇಕು" ಎಂದೆ ನಾನು, ಬಿ.ಎಸ್ಸಿ.ಯ ಮರ್ಯಾದೆ ಉಳಿಸಲು.

"ಸಾಯಂಕಾಲದವರೆಗೂ ಉಳೀತದಾ?" ಎಂದರು ಅವರು, ನಿಜವಾಗಿಯೂ ತಿಳಿಯಲು.

ಅಷ್ಟರಲ್ಲಿ ಅಕ್ಕ ಕಾಫಿ ತಂದರು. ಕಂಬಕ್ಕೆ ಕಿವಿ ಕೊಟ್ಟರು, ಮೂಸಿ ನೋಡಿದರು, ಲೋಟಗಳನ್ನು ಜಗಲಿಯ ಮೇಲಿಟ್ಟರು. "ಕೆಳಗಿನ ಪೆಟ್ಟಿಗೆಗೆ ಜೇನು ಬಂದುಟ್ಟು" ಎಂದರು, ಜೇನು ಬಂದು ಸೇರಿದೆ ಎಂದು. ಜೇನು ಕುಟುಂಬಗಳು ಪಾಲಾಗಿ ಹೊಸ ಮನೆ ಹುಡುಕುವ ಕಾಲ ಅದು. ಕೆಳಗಿನ ಪೆಟ್ಟಿಗೆಯ ಹುಳ ಓಡಾಡುವ ಕಂಡಿಯನ್ನು ಮುಚ್ಚಲು ನಾವು ಮರೆತಿದ್ದೆವು, ಒಳಗೆ ಹಳೆಯ ಮೇಣದ ವಾಸನೆ ಬೇರೆ. ಅಕ್ಕ ತಲೆಗೆ ಸೆರಗು ಸುತ್ತಿಕೊಂಡು, ಬರಿಗೈಯಲ್ಲಿ ರಾಣಿಯನ್ನು ಹುಡುಕಿ ತೆಗೆದು, ಕುಟುಂಬವನ್ನು ಬೇರೆ ಪೆಟ್ಟಿಗೆಗೆ ದಾಟಿಸಿದರು. ನಮಗೆ ಹತ್ತಿರಕ್ಕೂ ಬರಬೇಡಿ ಎಂದರು. ಆ ಕಂಬದಿಂದ ನಮಗೆ ಸಿಕ್ಕ ಮೊದಲ ಫಲ ಜೇನುತುಪ್ಪ.

ಈಗ ಸಭಾಂಗಣದ ಸಂಗತಿ.

ಶಾಲೆಗೆ ಹೊಸದಾಗಿ ತಗಡಿನ ಮಾಡಿನ ಸಭಾಂಗಣ ಕಟ್ಟಿದ್ದರು. ಅದರಲ್ಲಿ ನಡೆದ ಮೊದಲ ವಾರ್ಷಿಕೋತ್ಸವಕ್ಕೆ ಶಾಲಾ ಸಮಿತಿಯ ಅಧ್ಯಕ್ಷರು ಪೇಟೆಯಿಂದ ಬಾಡಿಗೆಯ ಹಾರ್ನು ತರಿಸಿ, ತೊಲೆಗೆ ಕಟ್ಟಿಸಿದ್ದರು. ಅಧ್ಯಕ್ಷರು ದೊಡ್ಡ ಕಾಫಿ ಬೆಳೆಗಾರರು, ಒಳ್ಳೆಯವರು, ಹಾರ್ನಿನಂಥದೇ ಗಂಟಲು. ಹಾರ್ನಿನ ಸದ್ದು ತಗಡಿಗೆ ಹೊಡೆದು, ಗೋಡೆಗೆ ಹೊಡೆದು, ಮತ್ತೆ ತಗಡಿಗೆ ಹೊಡೆದು ಜನರ ತಲೆಯ ಮೇಲೆ ಕಲ್ಲು ಸುರಿದಂತೆ ಸುರಿಯಿತು. ಗಂಡಸರು ಮುಂದೆ ಬಲಗಡೆ ಬೆಂಚುಗಳಲ್ಲಿ, ಹೆಂಗಸರು ಎಡಗಡೆ ಹಿಂದೆ ಚಾಪೆಗಳ ಮೇಲೆ. ಅದು ಆಗಿನ ಪದ್ಧತಿ. ಹೆಣ್ಣುಮಕ್ಕಳ ನಾಟಕ ಅರ್ಧ ಮುಗಿಯುವುದರೊಳಗೆ ಚಾಪೆಗಳು ಖಾಲಿ. ತಾಯಂದಿರೆಲ್ಲ ವರಾಂಡದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು.

ಮುಂದಿನ ವರ್ಷದ ಸಭೆಯಲ್ಲಿ ಅಧ್ಯಕ್ಷರು ತೀರ್ಪು ಕೊಟ್ಟರು. "ಹೆಂಗಸ್ರಿಗೆ ನಾಟ್ಕ, ಭಾಷ್ಣ ಬ್ಯಾಡ ಕಣ್ರೀ. ಸುಮ್ನೆ ಜಾಗ ದಂಡ. ಈ ಸಲ ಚಾಪೆ ಹಾಸೋದ್ ಬ್ಯಾಡ. ಅಲ್ಲೂ ಬೆಂಚ್ ಹಾಕಿ, ಇನ್ನೊಂದಷ್ಟು ಜನ ಗಂಡಸ್ರು ಕೂತ್ಕಳ್ಳಲಿ."

ನಮ್ಮ ಮೇಷ್ಟ್ರು ಎದ್ದರು. ಅಧ್ಯಕ್ಷರ ಕುರ್ಚಿಯನ್ನೇ ಬೆಳಕಿಗೆ ತಿರುಗಿಸಿದರು.

"ಅವರು ಎದ್ದು ಹೋದದ್ದು ಬೇಡ ಅಂತ ಅಲ್ಲ ಅಧ್ಯಕ್ಷರೆ. ಕೇಳಲಿಲ್ಲ ಅಂತ."

"ಯಾಕ್ ಕೇಳ್ಲಿಲ್ಲ? ಹಾರ್ನು ಪ್ಯಾಟೆ ತಂಕ ಕೇಳ್ತಿತ್ತಲ್ಲ?"

"ಪೇಟೆಗೆ ಕೇಳೋದು ಬೇಡ. ಒಳಗೆ ಕೂತವರಿಗೆ ಕೇಳಿದರೆ ಸಾಕು. ಸದ್ದು ಕೇಳ್ತಿತ್ತು, ಮಾತು ಕೇಳ್ತಿರಲಿಲ್ಲ. ಮಾತು ಕೇಳದ ಕಡೆ ಎಷ್ಟು ಹೊತ್ತು ಕೂರೋದು? ಅದರ ಕಷ್ಟ ನನಗೆ ಗೊತ್ತು. ನಾನು ಪಟಾಲಂ ಬಿಟ್ಟಾಗಿನಿಂದ ಕೊನೇ ಚಾಪೇಲೇ ಕೂತಿದ್ದೀನಿ."

ಅಧ್ಯಕ್ಷರು ಮೀಸೆ ನೀವಿಕೊಂಡರು. "ಆಯ್ತು ಮೇಷ್ಟ್ರೇ. ನಿಮ್ ಪೆಟ್ಗೆನೇ ನಿಲ್ಸಿ. ಹೆಂಗಸ್ರು ಕೊನೇವರ್ಗೂ ಕೂತ್ರೆ ಚಾಪೆ ಖಾಯಂ, ನಿಮ್ ಪೆಟ್ಗೆನೂ ಖಾಯಂ. ಎದ್ ಹೋದ್ರೆ ಚಾಪೆನೂ ಇಲ್ಲ, ಪೆಟ್ಗೆಗೆ ವಾಪಸ್ ಜೇನೇ ಗತಿ."

ಹೀಗೆ ಹೆಂಗಸರ ಚಾಪೆ ನಮ್ಮ ಕಂಬಗಳ ಮೇಲೆ ನಿಂತಿತು.

ಎರಡು ಕಂಬ ತಯಾರಾದವು, ವೇದಿಕೆಯ ಆ ಕಡೆಗೊಂದು, ಈ ಕಡೆಗೊಂದು. ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರುಗಳು ದಪ್ಪ ದನಿಗೆ ಸಾಕಾಗುತ್ತಿದ್ದವು. ಸ, ಶ, ತ, ಚ ಮುಂತಾದ ಅಕ್ಷರಗಳ ಸಣ್ಣ ದನಿಗೆ ಟ್ವೀಟರು ಎಂಬ ಪುಟ್ಟ ಸ್ಪೀಕರು ಬೇಕು. ಅವರು ಅದನ್ನು "ಮರಿ" ಎನ್ನುತ್ತಿದ್ದರು. ಕೆಟ್ಟುಹೋದ ಟ್ರಾನ್ಸಿಸ್ಟರುಗಳಿಂದ ಬಿಚ್ಚಿದ, ಅಂಗೈಗಿಂತ ಚಿಕ್ಕ ಸ್ಪೀಕರುಗಳನ್ನು ಊರೂರಿನಿಂದ ಕೂಡಿಸಿ ತಂದಿದ್ದರು. ಒಂದು ಕಂಬಕ್ಕೆ ಆರು, ಇನ್ನೊಂದಕ್ಕೆ ಆರು. ಅದಕ್ಕಿಂತ ಒಂದೂ ಹೆಚ್ಚಿಗೆ ಸಿಗಲಿಲ್ಲ. ಈ ಮರಿಗಳನ್ನು ಕಂಬದಲ್ಲಿ ಎಲ್ಲಿ, ಹೇಗೆ ಕೂರಿಸಬೇಕು ಎಂಬುದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದವರಿಗೆ ಮರಿಗಳ ದನಿಯೇ ಕೇಳುತ್ತಿರಲಿಲ್ಲ.

ಅದಕ್ಕೆ ಅವರೊಂದು ಉಪಾಯ ಮಾಡಿದರು. ಸಭಾಂಗಣದ ತುಂಬ ಮಕ್ಕಳನ್ನು ಕೂರಿಸಿ ಕಣ್ಣು ಮುಚ್ಚಿಸುವುದು. ಶಾಲೆಯ ಜವಾನ ಮೈಕಿನ ಮುಂದೆ ಬೀಗದ ಕೈಗಳ ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸುವುದು. ಕೇಳಿದವರು ಕೈ ಎತ್ತುವುದು. ಅವರು ವೇದಿಕೆಯ ಮೇಲೆ ನಿಂತು ಕೈಗಳನ್ನು ನೋಡುವುದು. "ನನ್ನ ಕಿವಿಗಳೆಲ್ಲ ಕೆಳಗೆ ಕೂತಿವೆ. ಕೈ ಎತ್ತಿದರೆ ಕೇಳಿದ ಹಾಗೆ" ಎನ್ನುತ್ತಿದ್ದರು. ನಾನು ಅವರ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸದ್ದು ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಗಾಳಿ ಎಲ್ಲಿ ಬೀಸಿತು ಎಂದು ಗದ್ದೆಯ ಪೈರು ತೋರಿಸುವಂತೆ.

ಮೊದಲು ಮರಿಗಳನ್ನು ಕಂಬದ ನಡುವೆ ಹೂವಿನ ದಳದಂತೆ ಸುತ್ತ ಕೂರಿಸಿದೆವು. ಚಂದ ಕಾಣುತ್ತಿತ್ತು. ನೋಡಲು ಬಂದ ಅಧ್ಯಕ್ಷರು, "ಭೇಷ್! ಎದೆ ಮ್ಯಾಲೆ ಪದಕ ಹಾಕ್ದಂಗೈತೆ. ಇದೇ ಇರ್ಲಿ" ಎಂದು ಒಪ್ಪಿಗೆ ಕೊಟ್ಟೇ ಹೋದರು. ಗೊಂಚಲು ಅಲ್ಲಾಡಿತು. ಕೈಗಳು ಎದ್ದದ್ದು ಕಂಬದ ನೇರಕ್ಕೆ ಒಂದು ಓಣಿಯಲ್ಲಿ ಮಾತ್ರ. ಎಡಬಲಕ್ಕೆ ಕೂತ ಮಕ್ಕಳು ಕಣ್ಣು ಮುಚ್ಚಿ ನೆಮ್ಮದಿಯಾಗಿದ್ದರು. ಒಬ್ಬಿಬ್ಬರು ನಿದ್ದೆಯನ್ನೇ ಮಾಡಿದ್ದರು.

ಆಗ ನಾನು ಸೀಮೆಸುಣ್ಣ ಹಿಡಿದೆ. ಹೇಳಿಕೊಳ್ಳಬೇಕಾದ ಕಡೆ ಹೇಳಿಕೊಳ್ಳುತ್ತೇನೆ, ಈ ಲೆಕ್ಕ ನನ್ನದು. ಮರಿಗಳು ಅಕ್ಕಪಕ್ಕ ಕೂತರೆ ಅವುಗಳ ದನಿ ಅಗಲಕ್ಕೆ ಹರಡುವುದಿಲ್ಲ, ಒಂದಕ್ಕೊಂದು ಹೊಡೆದಾಡಿಕೊಳ್ಳುತ್ತದೆ. ಒಂದರ ಮೇಲೊಂದು ಒಂದೇ ಗೆರೆಯಲ್ಲಿ ನಿಂತರೆ ದನಿ ಬೀಸಣಿಗೆಯಂತೆ ಎಡಬಲಕ್ಕೆ ಹರಡಿ, ಮೇಲಿನ ತಗಡಿಗೆ ತಾಗದೆ ಉಳಿಯುತ್ತದೆ. ಮರಿಗಳ ನಡುವೆ ಸಂದು ಬಿಡಬಾರದು. ಮೈಗೆ ಮೈ ತಾಗಿಯೇ ಇರಬೇಕು. ಎರಡು ಮರಿಗಳ ನಡುವಿನ ದೂರ ದನಿಯ ಅಲೆಗಿಂತ ದೊಡ್ಡದಾದರೆ ಕೆಟ್ಟಿತು. ಹಲಗೆ ತುಂಬ ಬರೆದು ತೋರಿಸಿದೆ. ಅವರು ಪ್ರತಿ ಸಾಲನ್ನೂ ಓದಿದರು, ಒಂದು ಕಡೆ ನನ್ನ ಗುಣಾಕಾರ ತಿದ್ದಿದರು. ಆಮೇಲೆ ಹಲಗೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ "ಅಳಿಸಬಾರದು" ಎಂದು ಬರೆದರು. ವಾರವಿಡೀ ಆ ತರಗತಿಯ ಭೂಗೋಳದ ಪಾಠ ಹಲಗೆ ಇಲ್ಲದೆಯೇ ನಡೆಯಿತು.

ಹೂವು ಬಿಚ್ಚಿ, ಎರಡೂ ಕಂಬಗಳ ಮೇಲ್ಭಾಗದಲ್ಲಿ, ದೊಡ್ಡ ಸ್ಪೀಕರುಗಳ ಪಕ್ಕಕ್ಕೆ, ಆರಾರು ಮರಿಗಳ ನೆಟ್ಟಗಿನ ಸಾಲು ಮಾಡಿದೆವು. ಗೊಂಚಲು ಅಲ್ಲಾಡಿತು. ಸಭಾಂಗಣದ ಈ ಗೋಡೆಯಿಂದ ಆ ಗೋಡೆಯವರೆಗೆ ಕೈಗಳು ಎದ್ದವು. ಹಿಂದಿನ ಬಾಗಿಲ ಬಳಿಯ ಬೆಂಚಿನಲ್ಲಿದ್ದವನು ಎರಡೂ ಕೈ ಎತ್ತಿದ. ನಾನು ವೇದಿಕೆಯ ಮೇಲೆಯೇ ಕುಣಿದೆ. ನಮ್ಮಪ್ಪನಿಗೆ ತೋರಿಸಬೇಕು ಅನಿಸಿತು.

ಅವರು ಕುಣಿಯಲಿಲ್ಲ. "ನಮ್ಮ ಮನೆಯವಳು ಒಂದು ಸಲ ನೋಡಲಿ" ಎಂದರು.

ಮರುದಿನ ಅಕ್ಕ ಬಂದರು. ಬೆಂಚುಗಳ ನಡುವೆ ನಡೆದುಹೋಗಿ, ಎಡಗಡೆ ಹಿಂದಿನ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯೊಂದನ್ನು ಬಿಡಿಸಿ ನೆಲದ ಮೇಲೆ ಕೂತರು. ನಾನು ಮೈಕಿನಲ್ಲಿ ಶಾಲೆಯ ವರದಿ ಓದತೊಡಗಿದೆ. ಅಕ್ಕನ ಕೈ ಏಳಲಿಲ್ಲ. ಇನ್ನೂ ಗಟ್ಟಿಯಾಗಿ ಓದಿದೆ. ಏಳಲಿಲ್ಲ.

ಅವರು ವೇದಿಕೆಯಿಂದ ಇಳಿದು, ಹೆಂಡತಿಯ ಮುಖ ಕಾಣುವಷ್ಟು ಹತ್ತಿರ ಹೋದರು. ಅಕ್ಕ ಹೇಳಿದ್ದು ನನಗೂ ಕೇಳಿಸಿತು.

"ಸದ್ದ್ ಉಟ್ಟು, ಮಾತ್ ಇಲ್ಲೆ."

ಸದ್ದು ಇದೆ, ಮಾತು ಇಲ್ಲ. ನಾನು ಓಡಿಹೋಗಿ, "ಅಕ್ಕಾ, ನಿನ್ನೆ ಇದೇ ಮೂಲೆಯಲ್ಲಿ ಎಲ್ಲರಿಗೂ ಕೇಳಿತ್ತು!" ಎಂದೆ.

"ಎಲ್ಲರಿಗೂ ಅಂದ್ರೆ ಯಾರಿಗೆ ಮೇಷ್ಟ್ರೆ?"

"ಮಕ್ಕಳಿಗೆ."

"ಎಲ್ಲಿ ಕೂತಿದ್ರು?"

"ಬೆಂಚಿನ ಮೇಲೆ."

ಅಕ್ಕ ಚಾಪೆಯನ್ನು ಎರಡು ಸಲ ತಟ್ಟಿದರು.

ಹೆಂಗಸರಿಗಾಗಿ ಕಟ್ಟಿದ ಕಂಬವನ್ನು ನಾವು ಬೆಂಚಿನ ಎತ್ತರಕ್ಕೆ ಪರೀಕ್ಷಿಸಿದ್ದೆವು. ಮರಿಗಳ ಸಾಲು ದನಿಯನ್ನು ಮೇಲೂ ಕೆಳಗೂ ಬಿಡುವುದಿಲ್ಲ ಎಂದು ಹಲಗೆಯ ಮೇಲೆ ಬರೆದವನು ನಾನೇ. ತಗಡಿಗೆ ಹೋಗದ್ದು ಚಾಪೆಗೂ ಹೋಗಲಿಲ್ಲ. ಬೆಂಚಿನವರ ಕಿವಿಗೆ ತಲುಪಿ, ಚಾಪೆಯವರ ತಲೆಯ ಮೇಲಿಂದ ದಾಟಿಹೋಯಿತು. ಹುಟ್ಟಿದಾಗಿನಿಂದ ಅವ್ವ ನೆಲದ ಮೇಲೆ ಕೂತದ್ದನ್ನೇ ನೋಡಿದ್ದ ನನಗೆ ಇದು ಹೊಳೆಯಬೇಕಿತ್ತು. ಅವರಿಗೂ ಹೊಳೆದಿರಲಿಲ್ಲ. ಇಬ್ಬರೂ ನಗತೊಡಗಿದೆವು. ಅಕ್ಕನೂ ನಕ್ಕು, "ಜೇನಿನ ದಿನದ ಹಾಗೇ ಆಯ್ತು" ಎಂದರು.

ಸಾಲು ಕಂಬದ ಬುಡದವರೆಗೆ ಇಳಿಯಬೇಕು. ಸಂದು ಬಿಡುವಂತಿಲ್ಲ. ಅಂದರೆ ಒಂದೇ ಕಂಬಕ್ಕೆ ಹನ್ನೆರಡು ಮರಿ ಬೇಕು. ನಮ್ಮಲ್ಲಿ ಇದ್ದದ್ದೇ ಒಟ್ಟು ಹನ್ನೆರಡು. ಉತ್ಸವ ನಾಳೆ.

ಅವರು ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದರು. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಗಂಡಸರ ಕಡೆಯ ಕಂಬಕ್ಕೆ ಹೋಗಿ ಮರಿಗಳನ್ನು ಬಿಚ್ಚತೊಡಗಿದರು.

"ಸಾರ್! ಅಧ್ಯಕ್ಷರು ಕೂರೋದು ಆ ಕಂಬದ ಮುಂದೇನೇ."

ನಾನು ಅವರ ಹಿಂದೆ ನಿಂತಿದ್ದೆ. ಅವರಿಗೆ ಕೇಳಲಿಲ್ಲ ಎಂದುಕೊಂಡೆ. ಮುಂದೆ ಹೋಗಿ ಮುಖಕ್ಕೆ ಮುಖ ಕೊಟ್ಟು ಮತ್ತೆ ಹೇಳಿದೆ.

"ಮೊದಲ ಸಲವೇ ಕೇಳ್ತು ಮಾರಾಯ್ರೆ" ಎಂದರು. "ಕೆಲವು ಮಾತಿಗೆ ಕಿವುಡನಾಗಿರೋದು ಒಳ್ಳೇದು. ಆ ಪ್ಲಯರ್ ಕೊಡಿ."

ಮಾರನೆಯ ದಿನ ಮಧ್ಯಾಹ್ನ ಸಭಾಂಗಣ ತುಂಬಿತು. ನಮ್ಮೂರಿನಿಂದ ಅವ್ವನೂ ಬಂದು ಚಾಪೆಯ ಮೇಲೆ ಕೂತಿದ್ದಳು. ಅಧ್ಯಕ್ಷರು ಜರಿಪೇಟ ಸುತ್ತಿ, ಮರಿಗಳಿಲ್ಲದ ಕಂಬದ ಎದುರು ಮುಂದಿನ ಸಾಲಿನಲ್ಲಿ ವಿರಾಜಮಾನರಾಗಿದ್ದರು. ಪ್ರಾರ್ಥನೆಗೂ ಮೊದಲು ನಮ್ಮ ಮೇಷ್ಟ್ರು ಬೀಗದ ಗೊಂಚಲು ಹಿಡಿದು ಮೈಕಿನ ಮುಂದೆ ಬಂದರು. "ಎಲ್ಲರೂ ಕಣ್ಣು ಮುಚ್ಚಿ. ಕೇಳಿದವರು ಕೈ ಎತ್ತಿ" ಎಂದು ಗೊಂಚಲು ಅಲ್ಲಾಡಿಸಿದರು.

ಗಂಡಸರ ಕಡೆ ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಹೆಂಗಸರ ಕಡೆ ಒಂದೂ ಏಳಲಿಲ್ಲ.

ಅವರು ಮತ್ತೆ ಅಲ್ಲಾಡಿಸಿದರು. ಚಾಪೆಗಳಲ್ಲಿ ಗುಸುಗುಸು, ಕಿಸಿಕಿಸಿ. ಸೆರಗುಗಳು ಬಾಯಿಗೆ ಬಂದವು, ಕೈ ಏಳಲಿಲ್ಲ. ಕೇಳಲಿಲ್ಲವೋ, ಗಂಡಸರ ಎದುರು ಕೈ ಎತ್ತಲು ನಾಚಿಕೆಯೋ, ನನಗೇ ತಿಳಿಯಲಿಲ್ಲ. ಅವರಿಗೆ ಹೇಗೆ ತಿಳಿಯಬೇಕು? ಗೊಂಚಲು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅವರ ಮುಖದಲ್ಲಿ ಅಪರೂಪದ ಒಂದು ಅಳುಕು ಕಂಡಿತು. ಕತ್ತಲೆಯಲ್ಲಿ ಯಾರೋ ಮಾತಾಡಿದಾಗ ಇರುತ್ತಿದ್ದ ಮುಖ.

ಆಗ ಕೊನೆಯ ಚಾಪೆಯಿಂದ ಒಂದು ಕೈ ಎದ್ದಿತು. ಅಕ್ಕನದು. ಕಣ್ಣು ಮುಚ್ಚಿಯೇ ಇತ್ತು. ಎತ್ತಿದ ಕೈಯನ್ನು ಇಳಿಸುವುದೇ ಇಲ್ಲ ಎಂಬಂತೆ ಕೂತರು. ಪಕ್ಕದ ಮುದುಕಿ ಅವರನ್ನು ನೋಡಿ ತಾನೂ ಎತ್ತಿದಳು. ಆಮೇಲೆ ನಮ್ಮವ್ವ. ಆಮೇಲೆ ಅಧ್ಯಕ್ಷರ ಹೆಂಡತಿ. ಆಮೇಲೆ ಆ ಮೂಲೆಯ ಅಷ್ಟೂ ಚಾಪೆಗಳಿಂದ ಕೈಗಳು ಎದ್ದವು, ಅಷ್ಟೂ ಬಳೆಗಳು ಒಟ್ಟಿಗೆ ಝಲ್ಲೆಂದವು. ಆ ಸದ್ದು ಅವರಿಗೆ ಕೇಳುವಂಥದಲ್ಲ. ಆದರೆ ಕೈಗಳು ಕಂಡವು. ಅವರು ಗೊಂಚಲನ್ನು ಜೇಬಿಗೆ ಹಾಕಿಕೊಂಡು, ಮೈಕಿನಲ್ಲಿ ಹೇಳಬೇಕಾದ್ದನ್ನೆಲ್ಲ ಮರೆತು, "ಇಳಿಸಬಹುದು, ಸಾಕು" ಎಂದಷ್ಟೇ ಹೇಳಿ ಕೆಳಗಿಳಿದರು.

ನಾಟಕ ಶುರುವಾಯಿತು. ನಾಟಕದಲ್ಲಿ ಸೊಸೆಗೆ ಮೋಸ ಮಾಡಲು ಬಂದ ದಲ್ಲಾಳಿಯ ವೇಷದ ಹುಡುಗಿ ನಯವಾಗಿ ಮಾತಾಡತೊಡಗಿದಾಗ ಚಾಪೆಯ ಕಡೆಯಿಂದ ಯಾರೋ ತಾಯಿ, "ಅವ್ನ ಮಾತ್ ನಂಬ್‌ಬ್ಯಾಡ ಕಣವ್ವಾ!" ಎಂದು ಕೂಗಿಯೇಬಿಟ್ಟಳು. ಸಭೆ ನಕ್ಕಿತು. ಮುಂದಿನ ಸಾಲಿನ ಅಧ್ಯಕ್ಷರು ಮಾತ್ರ ಅಕ್ಕಪಕ್ಕದವರನ್ನು ತಿವಿದು, "ಏನಂತೆ? ಏನಂದ್ಲು?" ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು, ಹೊರಗೆ ಹೋಗುವವರಂತೆ ನಟಿಸಿ, ಗೋಡೆಯ ಪಕ್ಕದಿಂದ ಸುತ್ತಿಕೊಂಡು ಹೆಂಗಸರ ಚಾಪೆಗಳ ಹತ್ತಿರದ ಕಿಟಕಿಗೆ ಒರಗಿ ನಿಂತರು. ಮುಗಿಯುವವರೆಗೂ ಜರಿಪೇಟ ಅಲ್ಲಿಂದ ಅಲ್ಲಾಡಲಿಲ್ಲ. ಚಾಪೆಗಳೂ ಅಷ್ಟೇ.

ವಾರದ ನಂತರ ಅಧ್ಯಕ್ಷರು ಶಾಲೆಗೆ ಬಂದು, ತಾವಾಗಿಯೇ ಕಿಟಕಿಯ ಬೆಳಕಿಗೆ ನಿಂತು ಹೇಳಿದರು: "ಮೇಷ್ಟ್ರೇ, ಮನೇಲಿ ನಂಗೆ ಸಾಕಾಗೋಯ್ತು. ದಿನಾ ಊಟಕ್ ಕೂತ್ರೆ ಅವ್ಳು ನಾಟ್ಕದ್ ಮಾತ್ ಹೇಳ್ತಾಳೆ, ನಂಗೊಂದೂ ಗೊತ್ತಿಲ್ಲ. ಎಲ್ಲಿಂದಾರ ತರ್ಸಿ, ಗಂಡಸ್ರ ಕಡೆಗೂ ಮರಿ ಹಾಕ್ಸಿ." ಮೈಸೂರಿನಿಂದ ಇನ್ನೊಂದು ಹನ್ನೆರಡು ಬಂದವು. ಕಂಬಗಳು ಅಲ್ಲೇ ಉಳಿದವು, ಚಾಪೆಗಳೂ ಉಳಿದವು. ಕೆಲವು ವರ್ಷಗಳ ಮೇಲೆ ಹೆಂಗಸರಿಗೂ ಬೆಂಚು ಬಂತು. ಸಾಲು ಬುಡದವರೆಗೆ ಇದ್ದದ್ದರಿಂದ ಯಾರು ಎಲ್ಲಿ ಕೂತರೂ ಕೇಳುತ್ತಿತ್ತು. ನಮ್ಮವ್ವ ಆ ದಿನ ನಾನು ಓದಿದ ಶಾಲೆಯ ವರದಿಯನ್ನು ಅಪ್ಪನಿಗೆ ಬಾಯಿಪಾಠ ಒಪ್ಪಿಸಿದಳಂತೆ. ಮಗ ಮೈಕಿನಲ್ಲಿ ಆಡಿದ ಮಾತು ಅರ್ಥವಾಯಿತು ಎನ್ನುವುದು ಅವಳಿಗೆ ಬಿ.ಎಸ್ಸಿ.ಗಿಂತ ದೊಡ್ಡದಾಗಿತ್ತು.

ಅವರು ನಿವೃತ್ತರಾಗಿ ಕರಿಕೆಗೆ ಹೋದ ಮೇಲೂ ನಾನು ರಜೆಯಲ್ಲಿ ಹೋಗುತ್ತಿದ್ದೆ. ಅಲ್ಲಿನ ಒಲೆಯ ಮೇಲೂ ಕನ್ನಡಿ ಇತ್ತು, ಇನ್ನೂ ದೊಡ್ಡದು. ನಾನು ಹೆಡ್‌ಮಾಸ್ಟರಾದೆ ಎಂದು ಹೇಳಲು ಹೋದಾಗ ನನ್ನನ್ನು ಜಗಲಿಯ ಬಿಸಿಲಿಗೆ ತಂದು ನಿಲ್ಲಿಸಿ, ಆ ಸುದ್ದಿಯನ್ನು ಮೂರು ಸಲ ಹೇಳಿಸಿದರು. ಮೊದಲ ಸಲವೇ ತಿಳಿದಿತ್ತು ಎಂದು ನನಗೆ ಗೊತ್ತು.

ಸಂತಾಪ ಸಭೆಯನ್ನು ನಮ್ಮ ಶಾಲೆಯವರು ಅದೇ ಸಭಾಂಗಣದಲ್ಲಿ ಇಟ್ಟಿದ್ದರು. ಕಂಬಗಳಿಗೆ ಹೊಸ ಬಣ್ಣ ಹೊಡೆದಿದ್ದರು. ಅಕ್ಕನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರೂ ಅವರು ಎಡಗಡೆ ಹಿಂದಿನ ಮೂಲೆಗೇ ಹೋಗಿ ಕೂತಿದ್ದರು. ನನ್ನ ಸರದಿ ಬಂತು. ಬರೆದುಕೊಂಡು ಬಂದಿದ್ದ ಹಾಳೆ ಬಿಚ್ಚಿ, ಆದರ್ಶ ಶಿಕ್ಷಕರು, ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ ಎಂದು ಓದುತ್ತಾ ಹೋದೆ. ತಲೆಯೆತ್ತಿ ನೋಡಿದಾಗ ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತ್ತು. ಸಣ್ಣಗಾಗಿದ್ದ ಕೈ, ಆದರೆ ನೆಟ್ಟಗೆ.

ಕೇಳುತ್ತಿದೆ ಎಂದುಕೊಂಡು ಮತ್ತೆ ಹಾಳೆಗೆ ಕಣ್ಣಿಳಿಸಿದೆ. ಅಷ್ಟರಲ್ಲಿ ಅಕ್ಕ ಇಡೀ ಸಭೆಗೆ ಕೇಳುವಂತೆ ಹೇಳಿದರು.

"ಮಾತ್ ಉಟ್ಟು ತಮ್ಮಾ. ಇನ್ನ್ ವಿಷಯಕ್ಕೆ ಬಾ."

ಸಂತಾಪ ಸಭೆ ಘೊಳ್ಳೆಂದು ನಕ್ಕಿತು. ನಾನು ಹಾಳೆಯನ್ನು ಮಡಿಚಿ ಜೇಬಿಗಿಟ್ಟೆ. ಸ್ವಿಚ್ಚು ತೆಗೆದರೂ ಹೋಗದ ಹಮ್ಮಿನಿಂದ ಶುರು ಮಾಡಿದೆ.